ಒಂಬತ್ತು ಗಂಟೆಯ ಆಕಾಶ

ಏಳು ಸಮುದ್ರದ ಈಚೆಗೆ ಒಬ್ಬ ಅಕ್ಕ, ಆಚೆಗೆ ಒಬ್ಬ ತಂಗಿ. ತಂಗಿ ಮದುವೆಯಾಗಿ ಹೊರಟ ದಿನ ಅಕ್ಕ ಮಾತು ಕೊಟ್ಟಿದ್ದಳು: "ನಿನ್ನ ಮನೆಗೆ ಬಂದೇ ಬರ್ತೀನಿ." ಕಥೆಯಲ್ಲಾದರೆ ಹದ್ದೊಂದು ಬಂದು ಬೆನ್ನ ಮೇಲೆ ಕೂರಿಸಿಕೊಳ್ಳಬೇಕಿತ್ತು. ಬರಲಿಲ್ಲ. ಅಕ್ಕ ಅಜ್ಜಿಯಾದಳು.

ಎರಡೂರಿನ ನಡುವೆ ಏಳು ಸಾವಿರ ಕಿಲೋಮೀಟರು, ಒಂಬತ್ತು ಗಂಟೆಯ ಹಾರಾಟ. ಅಜ್ಜಿಯ ಗುಂಡಿಗೆ ಅದನ್ನು ತಾಳದು ಎಂದು ಡಾಕ್ಟರು ಕಡ್ಡಿ ಮುರಿದಂತೆ ಹೇಳಿದ್ದರು. ಅಜ್ಜಿ ಅನ್ನ ಬಿಟ್ಟಳು. "ಕೊಟ್ಟ ಮಾತು ಹೊತ್ಕೊಂಡು ಸಾಯೋಕೆ ನನ್ನಿಂದಾಗಲ್ಲ." ಕೊನೆಗೆ ಮೊಮ್ಮಗಳು ಅವಳ ಕೈಮೇಲೆ ಕೈಯಿಟ್ಟಳು: "ತಂಗಿ ಹತ್ರ ಸೇರಿಸೋದು ನನ್ನ ಜವಾಬ್ದಾರಿ."

ಈಗ ಅಜ್ಜಿ ಸೊಂಟಕ್ಕೆ ಬೆಲ್ಟು ಬಿಗಿದು ಕೂತಿದ್ದಳು. ಕಾರು ಹತ್ತಿದ್ದು ನೆನಪಿತ್ತು, ಆಮೇಲೆ ಬರೀ ಮಂಪರು. ಕಾಲಡಿ ನೆಲ ಸಣ್ಣಗೆ ನಡುಗುತ್ತಿತ್ತು. ಕಿವಿ ತುಂಬ ಒಂದೇ ಗುಂಯ್‌ಗಾರ.

"ಹೊರಗೇನು ಕಾಣ್ತಿದೆಯೇ?"

ಕಣ್ಣು ಹೋದ ಅಜ್ಜಿಗೆ ಮೊಮ್ಮಗಳೇ ಕಿಟಕಿ. "ಮೋಡ. ಹತ್ತಿ ಬಿಡಿಸಿ ರಾಶಿ ಹಾಕಿದ ಹಾಗಿದೆ."

"ಇಳಿಯೋದು ಯಾವಾಗ?"

ಮೊಮ್ಮಗಳು ಮೊಬೈಲು ನೋಡಿದಳು. ವಿಮಾನ ತಡ. "ಇಳಿಯೋಕೆ ಸಾಲಿದೆಯಂತೆ ಅಜ್ಜಿ. ಮೇಲೇ ಸುತ್ತು ಹೊಡೀಬೇಕಂತೆ."

"ಆಕಾಶದಲ್ಲೂ ನಲ್ಲಿ ಮುಂದಿನ ಸಾಲೇ? ಕೊಡ ತರಬೇಕಿತ್ತು."

ನಗು ಕೆಮ್ಮಾಯಿತು, ಕೆಮ್ಮು ಏದುಸಿರಾಯಿತು. ಅಜ್ಜಿಯ ತುಟಿ ನೀಲಿಗಟ್ಟಿತು. ಮೊಮ್ಮಗಳು ನಾಲಿಗೆಯಡಿ ಗುಳಿಗೆ ಇಟ್ಟು ನಾಡಿ ಹಿಡಿದಳು. ಇಷ್ಟು ದೂರ ಬಂದು ದಡದಲ್ಲಿ ಮುಳುಗುವುದೇ? ಅಮ್ಮ ಬಂದು ನೋಡಿ, ತುದಿಗಾಲಲ್ಲಿ ಒಳಗೆ ಹೋದಳು. ಕುಲುಕಾಟ ಜೋರಾಯಿತು.

"ಕೂತು ಕೂತು ಸಾಕಾಯ್ತು. ಸ್ವಲ್ಪ ಎದ್ದೇಳ್ತೀನಿ." ಅಜ್ಜಿಯ ಕೈ ಗಾಳಿಯಲ್ಲಿ ಆಸರೆ ಹುಡುಕಿತು.

ಮೊಮ್ಮಗಳು ಆ ಕೈಯನ್ನು ಗಬಕ್ಕನೆ ಹಿಡಿದಳು. "ಬೇಡ. ಪಕ್ಕದವರು ಮಲಗಿದ್ದಾರೆ, ಮುಟ್ಟಿದ್ರೆ ಬೈತಾರೆ."

"ನನ್ನ ವಯಸ್ಸಿಗಾದ್ರೂ ಮರ್ಯಾದೆ ಬೇಡವೇ ಅವರಿಗೆ?"

ಕಾಯುವುದೊಂದೇ ಉಳಿದಿತ್ತು. ಬೆರಳ ತುದಿಯಲ್ಲಿ ನಾಡಿ ಒಮ್ಮೆ ಓಡುತ್ತಿತ್ತು, ಒಮ್ಮೆ ಎಡವುತ್ತಿತ್ತು. ಕಡೆಗೊಮ್ಮೆ ಮೊಬೈಲು ಮಿನುಗಿತು. ಮೊಮ್ಮಗಳು ಉಸಿರು ಬಿಟ್ಟಳು. "ನೆಲ ಮುಟ್ಟಿತು ಅಜ್ಜಿ. ಇನ್ನು ಸ್ವಲ್ಪ ಹೊತ್ತು, ಅಷ್ಟೇ."

ಆ ಸ್ವಲ್ಪ ಹೊತ್ತು ಒಂದು ಯುಗವಾಯಿತು. ಆಮೇಲೆ ಬಾಗಿಲು ತೆರೆಯಿತು. ತಣ್ಣನೆ ಗಾಳಿಯ ಹಿಂದೆಯೇ ಒಂದು ಮುದಿದನಿ ಬಂತು: "ಬಂದ್ಯಾ ಅಕ್ಕ?"

ಅಜ್ಜಿ ಎರಡೂ ಕೈ ಚಾಚಿದಳು. ತಂಗಿಯ ಮುಖ, ಕೆನ್ನೆ, ಕಿವಿ ಎಲ್ಲವನ್ನೂ ತಡವಿದಳು. "ಬಂದೆ ಕಣೇ. ಮಾತು ಉಳಿಸ್ಕೊಂಡೆ." ಮತ್ತೆ ಅವಳ ಬೆರಳು ಹಿಡಿದು ಗದರಿದಳು: "ಯಾಕೇ ಹೀಗೆ ನಡುಗ್ತೀಯ? ಅಷ್ಟು ದೂರ ಹಾರಿ ಬಂದವಳು ನಾನಲ್ವಾ?"

ತಂಗಿ ತುಟಿ ಕಚ್ಚಿ ಮೊಮ್ಮಗಳತ್ತ ನೋಡಿದಳು. ವಿಮಾನದ ಚೀಟಿ ಇನ್ನೂ ನೇತಾಡುತ್ತಿದ್ದ ತಂಗಿಯ ಸೂಟ್‌ಕೇಸನ್ನು ಅಪ್ಪ ಸದ್ದಾಗದಂತೆ ಹೊಸಿಲು ದಾಟಿಸಿದ. ಒಳಗೆ ಅಮ್ಮ, ಬೆಳಗಿನಿಂದ ಬಟ್ಟೆಯಿಲ್ಲದೆ ತಿರುಗುತ್ತಿದ್ದ ವಾಷಿಂಗ್ ಮಷೀನನ್ನು ಆರಿಸಿದಳು.