ಆಸಿಡಿಗೆ ನಾಚಿಕೆ ಗೊತ್ತಿಲ್ಲ

ಸೋಡಾ ಪುಡಿಯನ್ನು ಅಂಚಿನಿಂದ ನಡುವಿಗೆ ಸುರಿಯುತ್ತಾ ಬರಬೇಕು. ನೇರ ನಡುವಿಗೇ ಸುರಿದರೆ ಸಿಡಿಯುತ್ತದೆ. ತಾನೇ ನೆಲಕ್ಕೆ ಚೆಲ್ಲಿದ್ದ, ನೀರು ಬೆರೆಸಿದ ಆಸಿಡಿನ ಸುತ್ತ ಬಿಳಿಯ ಗೆರೆ ಎಳೆಯುತ್ತಾ ಸೌದಾಮಿನಿ ಅದನ್ನೇ ಮಾಡಿ ತೋರಿಸುತ್ತಿದ್ದಳು. ಎಂ.ಎಸ್ಸಿ.ಗೆ ಹೊಸದಾಗಿ ಸೇರಿದವರು ಸುತ್ತ ನಿಂತು ನೋಡುತ್ತಿದ್ದರು. ನೊರೆ ಬುಸುಗುಟ್ಟಿತು.

ಉಪ್ಪಳದ ಆಚೆ ಗುಡ್ಡದ ಮೇಲಿನ ವಿಶ್ವವಿದ್ಯಾಲಯದಲ್ಲಿ ಪ್ರತಿ ವರ್ಷ ಪ್ರಯೋಗಾಲಯದ ಮೊದಲ ಪಾಠ ಇದು. ಕೈಕೆಲಸ ಸೌದಾಮಿನಿಯದು. ಮಾತು ಅವಳ ಗಂಡ, ವಿಭಾಗದ ಮುಖ್ಯಸ್ಥ ಕೃಷ್ಣಕುಮಾರನದು.

"ಮೈಮೇಲೆ ಬಿದ್ದರೆ ಎಂತ ಮಾಡ್ಬೇಕು?" ಅವನು ಕೇಳಿದ. ಉತ್ತರವನ್ನೂ ಅವನೇ ಹೇಳಿದ. "ಅಗೋ, ಆ ಮೂಲೆಯ ಶವರಿನ ಕೆಳಗೆ ಓಡ್ಬೇಕು. ಬಟ್ಟೆ ತೆಗೀಬೇಕು. ಅವರಿದ್ದಾರೆ, ಇವರಿದ್ದಾರೆ ಅಂತ ನಿಂತ್ರೆ ಮುಗೀತು. ಬಟ್ಟೆ ಆಸಿಡನ್ನು ಹಿಡಿದಿಟ್ಟು ಚರ್ಮಕ್ಕೆ ತಿನ್ನಿಸ್ತದೆ. ಆಸಿಡಿಗೆ ನಾಚಿಕೆ ಗೊತ್ತಿಲ್ಲ ಮಕ್ಕಳೇ!"

ಪ್ರತಿ ವರ್ಷವೂ ಈ ಮಾತಿಗೆ ನಗು ಬರುತ್ತದೆ. ಈ ವರ್ಷವೂ ಬಂತು.

ಪಕ್ಕದಲ್ಲಿ ನಿಂತಿದ್ದ ಸಹೋದ್ಯೋಗಿ ವೆರೊನಿಕಾ ಸೌದಾಮಿನಿಯ ಕಿವಿಗೆ ಬಾಗಿದಳು. "ಎಂತ ಮಾರಾಯ್ತಿ, ಈ ಸೆಕೆಗೆ ಕತ್ತಿನವರೆಗೆ ಗುಂಡಿ, ಉದ್ದ ತೋಳು! ಕಾನ್ವೆಂಟಿಗೆ ಸೇರುವ ಅಂದಾಜು ಉಂಟಾ? ಹೇಳು, ಸಿಸ್ಟರ್‌ನವರ ಹತ್ತಿರ ನಾನೇ ಮಾತಾಡ್ತೇನೆ."

ಸೌದಾಮಿನಿ ನಕ್ಕು ಮತ್ತೆ ನೆಲಕ್ಕೆ ಬಾಗಿದಳು. ಆಗ ಅವಳ ಹಿಂದಿನ ಶೆಲ್ಫಿನ ಹಲಗೆ ಕಳಚಿತು. ಸಲ್ಫ್ಯೂರಿಕ್ ಆಸಿಡಿನ ಬಾಟ್ಲಿ ಮೇಜಿನ ಅಂಚಿಗೆ ಬಡಿದು ಒಡೆಯಿತು. ನೀರು ಬೆರೆಸದ, ಎಣ್ಣೆಯಷ್ಟು ದಪ್ಪದ ಆಸಿಡ್ ಅವಳ ಹೆಗಲ ಮೇಲೂ ಬೆನ್ನ ಮೇಲೂ ಬಿತ್ತು.

ಮೊದಲು ಏನೂ ಅನಿಸಲಿಲ್ಲ. ಆಮೇಲೆ ಬೆಂಕಿ.

ವೆರೊನಿಕಾ ಅವಳನ್ನು ಎಳೆದೊಯ್ದು ಶವರಿನ ಸರಪಳಿ ಜಗ್ಗಿದಳು. "ಹುಡುಗರೆಲ್ಲ ಹೊರಗೆ!" ಎಂದು ಕಿರುಚಿದಳು. ಹುಡುಗಿಯರು ಯಾರೂ ಹೇಳದೆಯೇ ತಮ್ಮ ಬಿಳಿ ಕೋಟುಗಳನ್ನು ಬಿಚ್ಚಿ, ಮುಖ ಆಚೆ ತಿರುಗಿಸಿ, ಸುತ್ತ ಪರದೆಯಂತೆ ಎತ್ತಿ ಹಿಡಿದರು. ಸೌದಾಮಿನಿಯ ಕೋಟು ಕಳಚಿ ಬಿತ್ತು. ವೆರೊನಿಕಾಳ ಕೈ ಚೂಡಿದಾರದ ಗುಂಡಿಗೆ ಬಂತು.

ಸೌದಾಮಿನಿ ಎರಡೂ ಕೈಯಿಂದ ಕಾಲರನ್ನು ಬಿಗಿಯಾಗಿ ಹಿಡಿದುಕೊಂಡಳು. "ಬೇಡ."

"ಮರ್ಲಾ ನಿನಗೆ? ಇಲ್ಲಿ ಯಾರಿದ್ದಾರೆ? ನಾನು ಮಾತ್ರ!"

ಅದೇ ಕಷ್ಟ. ವೆರೊನಿಕಾಳ ಕಣ್ಣಿಗೆ ಬಿದ್ದ ಮೇಲೆ ಅವಳ ಎದುರು ಕೂತು ದಿನಾ ಬುತ್ತಿ ಬಿಚ್ಚುವುದು ಹೇಗೆ?

"ಮೇಡಂ, ಸಾರ್ ಈಗಷ್ಟೇ ಹೇಳಿದ್ರಲ್ಲ..." ಕೋಟು ಹಿಡಿದು ನಿಂತ ಸ್ಪಂದನಾ ಎಂಬ ಹುಡುಗಿ ಅಳತೊಡಗಿದಳು.

ಪರದೆಯ ಆಚೆಯಿಂದ ಕೃಷ್ಣಕುಮಾರನ ಸ್ವರ ಬಂತು. "ವೆರೊನಿಕಾ ಮೇಡಂ, ಬಟ್ಟೆ ಮುಟ್ಟಬೇಡಿ."

"ಎಂತ ಹೇಳ್ತಿದ್ದೀರಿ ಸಾರ್? ನೀವಾ ಇದನ್ನು ಹೇಳುವುದು?"

"ನನ್ನ ಹೆಂಡತಿ. ನಾನು ನೋಡಿಕೊಳ್ತೇನೆ."

ಅವನು ಕೋಟುಗಳನ್ನು ಸರಿಸಿ ಒಳಗೆ ಬಂದ. ಶವರ್ ನಿಲ್ಲಿಸಿದ. ತನ್ನ ಕೋಟನ್ನು ಅವಳ ಕತ್ತಿನಿಂದ ಮೊಣಕಾಲಿನವರೆಗೆ ಸುತ್ತಿದ.

"ನೀರಾದರೂ ಇನ್ನು ಸ್ವಲ್ಪ ಹೊತ್ತು ಬಿಡಿ ಸಾರ್!" ವೆರೊನಿಕಾ ಬೇಡಿಕೊಂಡಳು. ಅಷ್ಟರಲ್ಲಿ ಅವನು ಹೆಂಡತಿಯನ್ನು ನಡೆಸಿಕೊಂಡು ಬಾಗಿಲು ದಾಟಿದ್ದ.

ಉಪ್ಪಳದಲ್ಲಿ ಹೆದ್ದಾರಿಯ ಬದಿಗೇ ಆಸ್ಪತ್ರೆ ಇತ್ತು. ಕಾರು ನಿಧಾನಿಸಲೂ ಇಲ್ಲ.

"ಇಲ್ಲಿ ಎಲ್ಲ ಗುರ್ತದವರು," ಎಂದ ಕೃಷ್ಣಕುಮಾರ. "ಮಂಗಳೂರಲ್ಲಿ ಒಳ್ಳೆ ಡಾಕ್ಟ್ರು ಸಿಗ್ತಾರೆ."

ಅವಳು ಸೀಟಿಗೆ ಒರಗದೆ ಮುಂದಕ್ಕೆ ಬಾಗಿ ಕೂತಿದ್ದಳು. ಕಾಲರಿನ ಮೇಲಿನ ಕೈ ಹಾಗೆಯೇ ಇತ್ತು. ಕುಂಜತ್ತೂರು ದಾಟುವಾಗ ಫೋನ್ ಬಂತು. ವಿಭಾಗದ ಗಣೇಶಪ್ರಸಾದರ ಸ್ವರ ಕಾರಿನ ತುಂಬ ಕೇಳಿಸಿತು.

"ವೆರೊನಿಕಾ ಮೇಡಂ ಇಲ್ಲಿ ಬೊಬ್ಬೆ ಹೊಡೀತಿದ್ದಾರೆ ಸಾರ್. ನೀವು ತಲೆಬಿಸಿ ಮಾಡ್ಬೇಡಿ. ಜೀವಕ್ಕಿಂತ ಮಾನ ದೊಡ್ಡದು. ಅಂಥ ಹೆಂಗಸರು ಈಗ ಎಲ್ಲಿದ್ದಾರೆ ಹೇಳಿ?"

"ಅವಳು ಮೊದಲಿಂದಲೂ ಹಾಗೆಯೇ," ಕೃಷ್ಣಕುಮಾರ ನಕ್ಕ. "ಸತ್ತರೂ ಒಂದು ಸ್ವರ ಹೊರಡುವುದಿಲ್ಲ."

ಒದ್ದೆ ಬಟ್ಟೆ ಬೆನ್ನಿಗೆ ಅಂಟಿತ್ತು. ತಲಪಾಡಿಯ ಗಡಿ ಮುಟ್ಟುವಷ್ಟರಲ್ಲಿ ಆಸಿಡ್ ಎಷ್ಟು ಆಳಕ್ಕೆ ಇಳಿದಿರುತ್ತದೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಯಾರೂ ಇರಲಿಲ್ಲ. ಬಲ್ಲವನು ಗೇರು ಬದಲಾಯಿಸಿದ. "ಡಾಕ್ಟ್ರ ಹತ್ತಿರ ನಾನು ಮಾತಾಡ್ತೇನೆ," ಎಂದ. "ನೀನು ಸುಮ್ಮನಿರು."

ಮಂಗಳೂರಿನ ಆಸ್ಪತ್ರೆಯಲ್ಲಿ ಅವಳನ್ನು ಬೋರಲು ಮಲಗಿಸಿದರು. ಡಾಕ್ಟರು ನಡುವಯಸ್ಸಿನ ಹೆಂಗಸು, ಸಿಡುಕಿ.

"ಬಟ್ಟೆ ಅಲ್ಲೇ ತೆಗೆದಿದ್ದರೆ ಇಷ್ಟಾಗ್ತಿರಲಿಲ್ಲ. ಕಲಿತವರು ನೀವೇ ಹೀಗೆ ಮಾಡಿದರೆ?"

"ಅವಳಿಗೆ ಸಂಕೋಚ ಜಾಸ್ತಿ ಡಾಕ್ಟ್ರೇ. ಅದಕ್ಕೇ ನಾನೂ ಇಲ್ಲೇ ಇರ್ತೇನೆ."

ಕತ್ತರಿ ಹಿಡಿದಿದ್ದ ನರ್ಸ್ ಟ್ರೀಜಾ ಮಂಚದ ಬಳಿ ಬಗ್ಗಿದಳು. "ಹೇಳಿ ಅಕ್ಕ. ಯಜಮಾನ್ರು ಇರಬೇಕಾ?"

ಇಂಥ ಪ್ರಶ್ನೆಯನ್ನು ಯಾರೂ ಅವಳನ್ನು ಕೇಳಿರಲಿಲ್ಲ. ಪ್ರಯೋಗಾಲಯದಿಂದ ಇಲ್ಲಿಯವರೆಗೆ ಬಿಗಿಹಿಡಿದ ಬೆರಳುಗಳು ಮರಗಟ್ಟಿದ್ದವು. ಸೌದಾಮಿನಿ ದಿಂಬಿಗೆ ಮುಖ ಒತ್ತಿಕೊಂಡು ಒಂದು ನಿರ್ಧಾರಕ್ಕೆ ಬಂದಳು.

"ಬೇಡ," ಎಂದಳು. "ಅವರು ಹೊರಗಿರಲಿ."

"ಸೌದಾ..." ಎಂದ ಕೃಷ್ಣಕುಮಾರ. ಟ್ರೀಜಾ ಪರದೆ ಎಳೆದಳು. ಸೌದಾಮಿನಿ ಕಾಲರಿನಿಂದ ಕೈ ತೆಗೆದಳು.

ಕತ್ತರಿ ಬೆನ್ನುದ್ದಕ್ಕೆ ಇಳಿದು ಬಟ್ಟೆ ಎರಡಾದಾಗ, ಆಸಿಡ್ ತಲುಪದೇ ಇದ್ದ ಸೊಂಟದ ಮೇಲೆಲ್ಲ ಬೆಲ್ಟಿನ ಅಗಲದ ಬರೆಗಳಿದ್ದವು: ಕೆಲವು ಕಪ್ಪಾಗಿ ಒಣಗಿದವು, ಕೆಲವು ನಿನ್ನೆಯವು.