ಗಾಸ್ಪಾರ್ ತಿಂದ ಚೀಸು

"ಗಾಸ್ಪಾರ್, ಚೀಸ್ ಎಲ್ಲೋ?" ಎಂದು ಓದಿಲ್ ಕೈ ಚಾಚಿದಾಗ ಅವಳ ತಮ್ಮನ ದವಡೆ ಇನ್ನೂ ಆಡುತ್ತಿತ್ತು.

ಅವರು ಸ್ಕೀ ಮಾಡಿ ಇಳಿಯಬೇಕಿದ್ದ ಹಿಮದ ಕೊರಕಲು ಗೋಡೆಗಿಂತ ನೆಟ್ಟಗಿತ್ತು. ತುದಿಯಲ್ಲಿ ನಿಂತು ಸೀನಿದರೆ ಕೆಳಗೆ ಚರ್ಚಿನ ಗಂಟೆ ಅಲ್ಲಾಡಬೇಕು. ಕಲ್ಲಾದ ಹಿಮ ವಸಂತದ ಬಿಸಿಲಿಗೆ ಬೆಣ್ಣೆಯಾಗುವವರೆಗೆ ಕಾಯಲೇಬೇಕು. ಅದಕ್ಕೆಂದೇ ಊರಿನವರು ಚೀಸಿನ ಗಟ್ಟಿ ಅಂಚನ್ನು ಉರುಳಿಸಿ ನೋಡುತ್ತಾರೆ: ಹಿಮದಲ್ಲಿ ಹೂತು ನಿಂತರೆ ಹೊರಡು, ಜಾರಿಹೋದರೆ ಕೂತಿರು. ಗಾಸ್ಪಾರ್ ಮಾತ್ರ ಸ್ಕೀ ಕಟ್ಟಿಕೊಂಡು ಮೂರು ಯುಗದಿಂದ ಕಾಲು ಕುಣಿಸುತ್ತಿದ್ದ. ಆಚೆ ಕಣಿವೆಯವರು ಹತ್ತಿ ಬರುವ ಸದ್ದು ಬೆನ್ನ ಹಿಂದೆಯೇ ಕೇಳುತ್ತಿತ್ತು. ಈ ವರ್ಷ ಕೊರಕಲಿನ ಹಿಮದಲ್ಲಿ ಮೊದಲ ಸ್ಕೀ ಗೀರು ಅವರದಾದರೆ ಬೇಸಿಗೆಯಿಡೀ ಊರಲ್ಲಿ ತಲೆಯೆತ್ತುವಂತಿಲ್ಲ.

"ತಿಂದ್ಬಿಟ್ಟೆ ಕಣಕ್ಕ, ತಳಮಳ ತಡೀಲಿಲ್ಲ. ಹಿಮ ಮೆತ್ತಗಾಗಿದೆ ಬಿಡು, ನಾನು ಹೊರಟೆ."

"ಹೊರಡು ಮಹರಾಯ. ಮೊದ್ಲು ನಿನ್ನ ಫ್ಲಾಸ್ಕ್ ಕೆಳಗೆ ಕಳ್ಸು."

ಅದು ಅಜ್ಜನ ಕಾಲದ ತಗಡಿನ ಫ್ಲಾಸ್ಕು. ಗಾಸ್ಪಾರ್ ಅದಕ್ಕೊಂದು ಮುತ್ತು ಕೊಟ್ಟು ಉರುಳಿಸಿದ. ಅದು ಎಲ್ಲೂ ನಿಲ್ಲಲಿಲ್ಲ. ಗುಂಡಿನಂತೆ ಜಾರಿ, ತಿರುವಿನ ಬಂಡೆಗೆ ಬಡಿದು, ಸೂರ್ಯನಿಗೇ ಗುರಿಯಿಟ್ಟಂತೆ ಹಾರಿ ಪ್ರಪಾತಕ್ಕೆ ಬಿತ್ತು. ಆ ಠಣ್ ಸದ್ದಿಗೆ ಗಡಿಯಾಚೆ ಇಟಲಿಯ ಹಸುಗಳೂ ಮೇವು ಬಿಟ್ಟಿರಬೇಕು.

ಗಾಸ್ಪಾರನ ಕಾಲಿನ ಕುಣಿತ ನಿಂತಿತು. ಅಷ್ಟರಲ್ಲಿ ಆಚೆ ಕಣಿವೆಯವರು ದಿಬ್ಬವೇರಿ ನೇರ ಕೊರಕಲಿನತ್ತ ನುಗ್ಗಿದರು. ಅವನು ಎರಡೂ ಸ್ಕೀ ಕೋಲುಗಳನ್ನು ಅಡ್ಡ ಹಿಡಿದ.

"ಕೂತ್ಕೊಳ್ರಪ್ಪಾ," ಎಂದ. "ಚೀಸ್ ಇದ್ರೆ ಒಂದು ತುಂಡು ಕೊಡಿ. ತಿನ್ನೋಕಲ್ಲ."