ಬೋರ್ಡಿನ ಮೇಲಿನ ಹೆಸರು

ಕಂಟೋನ್ಮೆಂಟಿನ ಆ ರಸ್ತೆಯ ಆಚೆ ಬದಿಯಿಂದಲೇ ಫ್ಲೋರಾಳಿಗೆ ಬೋರ್ಡು ಕಂಡಿತು: ‘ರಹಮೀಮ್ ಅಂಡ್ ಫ್ಲೋರಾ, ಸಿದ್ಧ ಉಡುಪುಗಳು.’ ಅವಳು ಹುಟ್ಟಿದ ವರ್ಷ ಅಪ್ಪ ತನ್ನ ಹೆಸರಿನ ಜೊತೆ ಮಗಳದ್ದನ್ನೂ ಸೇರಿಸಿ ಬರೆಸಿದ್ದು. ತಮ್ಮ ಯೆಹೂದಿ ಜನರನ್ನು ಬಿಟ್ಟು ಹೊರಗಿನವನನ್ನು ಮದುವೆಯಾಗಿ ಹೋದ ಮಗಳ ಹೆಸರನ್ನು ಅಪ್ಪ ಇಷ್ಟು ವರ್ಷವಾದರೂ ಅಳಿಸಿಲ್ಲ! ಹಾಗಾದರೆ ಸಿಟ್ಟು ಇಳಿದಿರಬೇಕು. ಅದೊಂದೇ ಧೈರ್ಯದ ಮೇಲೆ ಮೆಟ್ಟಿಲು ಹತ್ತಿದಳು.

ಹತ್ತಿದವಳು ಅಲ್ಲೇ ನಿಂತುಬಿಟ್ಟಳು. ಗಿರಾಕಿಗಳು ಅಂಗಿ ಹಿಡಿದು ನೋಡಿಕೊಳ್ಳುತ್ತಿದ್ದ ನಿಲುವುಗನ್ನಡಿಗೆ ಬಿಳಿ ಬಟ್ಟೆ ಮುಚ್ಚಿದ್ದರು. ಸಾವಾದಾಗ ಕನ್ನಡಿ ಮುಚ್ಚುವುದು ಯೆಹೂದಿಗಳ ಪದ್ಧತಿ.

ಹಳೆಯ ಟೈಲರ್ ಚೌಡಪ್ಪ ಹೊಲಿಗೆ ಮಿಷನ್ ಬಿಟ್ಟು ಎದ್ದ.

“ಅಪ್ಪ ಯಾವಾಗ ಹೋದರು, ಚೌಡಪ್ಪ?”

“ಈಗಷ್ಟೇ ಹೋದ್ರಮ್ಮ, ಊಟಕ್ಕೆ. ಇನ್ನೇನು ಬಂದುಬಿಡ್ತಾರೆ.”

ಹೋದ ಜೀವ ಬಂದಂತಾಗಿ ಅವಳು ಸ್ಟೂಲಿನ ಮೇಲೆ ಕುಸಿದಳು. ಅಳುತ್ತಲೇ ನಕ್ಕಳು.

“ಮತ್ತೆ ಈ ಬಟ್ಟೆ? ಮನೆಯಲ್ಲಿ ಯಾರು ತೀರಿಕೊಂಡರು?”

ಚೌಡಪ್ಪ ಕೊರಳಲ್ಲಿದ್ದ ಟೇಪನ್ನು ಬೆರಳಿಗೆ ಸುತ್ತುತ್ತ ನಿಂತ. ಅವಳು ಕೈಚಾಚಿ ಬಟ್ಟೆಯನ್ನು ಮುಟ್ಟಿದಳು. ಬೆರಳಿಗೆಲ್ಲ ವರ್ಷಗಳ ಧೂಳು ಮೆತ್ತಿಕೊಂಡಿತು.

“ಹೇಳು ಚೌಡಪ್ಪ, ಹೆದರಿಸಬೇಡ. ಬೋರ್ಡಿನ ಮೇಲೆ ನನ್ನ ಹೆಸರು ಇನ್ನೂ ಇದೆ ಅಂತ ಎಷ್ಟು ಆಸೆಯಿಂದ ಬಂದೆ ಗೊತ್ತಾ?”

“ಅದನ್ನ ಅಳಿಸಿಬಿಡಲಾ ಅಂತ ಪೇಂಟರ್ ಕೇಳಿದ್ದ, ಅಮ್ಮ. ಸತ್ತ ಮಗಳ ಹೆಸರು ಅಳಿಸಬಾರದು ಅಂದ್ರು ಯಜಮಾನ್ರು.”